ಗಿಳಿಯ ಗರಿರೋಗ ಮತ್ತು ಊರಿನ ಕಾವಲು
(ಉಗಾರ ಖುರ್ದದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷ್ಣೆಯ ದಂಡೆಯ ಈ ಊರಿನ ರೈತನಿಗೆ ಗಿಣಿಯ ಪರಿಚಯ ಹೇಳಬೇಕಾಗಿಲ್ಲ. ಗೋವಿನಜೋಳ ಹಾಲುತುಂಬುವ ಹೊತ್ತಿಗೆ ಹಿಂಡು ಇಳಿಯುತ್ತದೆ. ತೆನೆ ತಿನ್ನುವ ಹಕ್ಕಿಯ ಆರೋಗ್ಯವನ್ನು ರೈತನೇಕೆ ವಿಚಾರಿಸಬೇಕೆಂಬ ಪ್ರಶ್ನೆ ಸಹಜವೇ. ಆದರೆ ಪಡುವಣದ ಸಹ್ಯಾದ್ರಿಯಲ್ಲಿ, ಜಗತ್ತಿನ ಬೇರೆಲ್ಲೂ ಇಲ್ಲದ ನೀಲಿ ರೆಕ್ಕೆಯ ಗಿಳಿಯೊಂದು ಬಾಳುತ್ತಿದೆ. ಬಯಲಿನ ಗಿಣಿಗೆ ಅದು ದಾಯಾದಿ. ದಾಯಾದಿಗಳ ನಡುವೆ ರೋಗ ದಾಟುವುದು ಸುಲಭ.

ಕೊಕ್ಕು ಮತ್ತು ಗರಿಯ ರೋಗವನ್ನು ತರುವುದು ಸರ್ಕೋವೈರಸ್ ಎಂಬ ಅತಿ ಸಣ್ಣ ನಂಜಾಣು. ಬೆಂಡೆಯ ಹಳದಿ ನಂಜುರೋಗವನ್ನು ಹರಡಲು ಬಿಳಿನೊಣ ಬೇಕು. ಇದಕ್ಕೆ ಗರಿಯ ಧೂಳು, ಹಿಕ್ಕೆ, ತಾಯಿ ಉಣಿಸುವ ತುತ್ತೇ ಸಾಕು. ಪೊಟರೆಯಲ್ಲಿ ಅದು ಬಹುಕಾಲ ಜೀವ ಹಿಡಿದಿರುತ್ತದೆ. ಹಳೆಯ ಮರಗಳು ಉರುಳಿದಂತೆಲ್ಲ ಉಳಿದ ಪೊಟರೆಗಳಿಗೆ ಜೋಡಿಯ ಮೇಲೆ ಜೋಡಿ ಬರುತ್ತವೆ. ಹಿಂದಿನವರ ಧೂಳಿನಲ್ಲೇ ಮುಂದಿನವರ ಮರಿ ಬೆಳೆಯುತ್ತದೆ. ಮರಿಗಳಲ್ಲಿ ರೋಗ ತೀವ್ರ. ಗರಿ ಬುಡದಲ್ಲಿ ಹಿಸುಕಿದಂತಾಗುತ್ತದೆ, ಸುರುಳಿಯಾಗುತ್ತದೆ, ಉದುರುತ್ತದೆ. ದೇಹದ ರೋಗನಿರೋಧ ಶಕ್ತಿ ಕುಗ್ಗಿ, ಬೇರೆ ಸೋಂಕಿಗೆ ಹಕ್ಕಿ ಬಲಿಯಾಗುತ್ತದೆ. ಔಷಧವಿಲ್ಲ. ಮನುಷ್ಯನಿಗೆ ಈ ನಂಜು ತಗಲದೆಂಬುದೊಂದೇ ಸಮಾಧಾನ.

ಮಾರಿಷಸ್ ದ್ವೀಪದ ಅನುಭವ ಗಮನಾರ್ಹ. 1980ರ ದಶಕದಲ್ಲಿ ಅಲ್ಲಿನ ಮೂಲ ಗಿಳಿಗಳು ಇಪ್ಪತ್ತಕ್ಕೂ ಕಡಿಮೆಯಾಗಿದ್ದವು. ವರ್ಷಗಳ ದುಡಿಮೆಯಿಂದ ಸಂಖ್ಯೆ ಏರುತ್ತಿದ್ದಾಗ, 2004-05ರಲ್ಲಿ ಈ ರೋಗ ಕಾಣಿಸಿತು. ಅಲ್ಲಿಗೆ ಮನುಷ್ಯ ಒಯ್ದ ಗಿಳಿ ಯಾವುದು? ನಮ್ಮ ಹೊಲದ ಇದೇ ಗುಲಾಬಿ ಕೊರಳಪಟ್ಟಿಯ ಗಿಣಿ! ಪ್ರತಿ ಗೂಡನ್ನೂ ಗಮನಿಸಿ, ರಕ್ತ ಪರೀಕ್ಷಿಸಿ ದಾಖಲೆಯಿಟ್ಟಿದ್ದರಿಂದಲೇ ಅಲ್ಲಿ ರೋಗದ ನಡೆ ತಿಳಿಯಿತು. ಪಾಕಿಸ್ತಾನ, ಬಾಂಗ್ಲಾದೇಶಗಳ ಕಾಡುಗಿಳಿಗಳಲ್ಲಿಯೂ ಈ ನಂಜಾಣು ಇರುವುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಉಗಾರದ ಹಿಂಡಿನಲ್ಲಿ ರೋಗವಿದೆಯೆಂದು ಪರೀಕ್ಷೆಯಿಲ್ಲದೆ ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ಸೋಂಕಿದ್ದೂ ಚೆನ್ನಾಗಿಯೇ ಕಾಣುವ ಹಕ್ಕಿಗಳಿರುತ್ತವೆ. ಹಸಿರಿನ ನಡುವೆ ಹಳದಿ ಗರಿ ಮೂಡುವುದು ರೋಗದಿಂದಲೂ ಆಗಬಹುದು, ಹುಟ್ಟುಗುಣದಿಂದಲೂ ಆಗಬಹುದು. ಖಚಿತಪಡಿಸುವುದು ಪಿ.ಸಿ.ಆರ್. ಪರೀಕ್ಷೆ. ಅದಕ್ಕೆ ಹಕ್ಕಿ ಹಿಡಿದು ರಕ್ತ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು; 1972ರ ವನ್ಯಜೀವಿ ಕಾಯ್ದೆ ಗಿಳಿಗೂ ಅನ್ವಯಿಸುತ್ತದೆ. ಊರಿನ ಹುಡುಗರು ಮರ ಹತ್ತಬೇಕಾಗಿಲ್ಲ. ಸಂಜೆ ತಂಗುವ ಮರದ ಕೆಳಗೆ ನಿಂತು ಎಣಿಸಲಿ. ಗರಿ ಕೆಟ್ಟ ಹಕ್ಕಿ ಕಂಡರೆ ದೂರದಿಂದ ಚಿತ್ರ ತೆಗೆದು ದಿನಾಂಕ ಬರೆದಿಡಲಿ.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. ಪಂಜರದ ಗಿಣಿಯನ್ನು ಕನಿಕರದಿಂದ ಹಾರಿಬಿಡುವುದು ಪುಣ್ಯಕಾರ್ಯವೆಂಬ ನಂಬಿಕೆಯಿದೆ. ಸಂತೆಯ ಇಕ್ಕಟ್ಟಿನ ಪಂಜರಗಳಲ್ಲಿ ಹತ್ತಾರು ಕಡೆಯ ಹಕ್ಕಿಗಳೊಡನೆ ಕಳೆದ ಗಿಣಿ ಯಾವ ನಂಜನ್ನು ಹೊತ್ತಿದೆಯೋ ಬಿಟ್ಟವನಿಗೆ ತಿಳಿಯದು. ಸಾಕುವುದೇ ಅಪರಾಧ, ಸಾಕಿದ್ದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು, ಕಾಡಿಗೆ ಬಿಡಬಾರದು.

ಮಾಘ, ಫಾಲ್ಗುಣಗಳಲ್ಲಿ ಗಿಣಿಗಳು ಪೊಟರೆ ಹಿಡಿಯುತ್ತವೆ. ಊರಲ್ಲಿ ಎಷ್ಟು ಪೊಟರೆಗಳಿವೆ, ಯಾವ ಮರದಲ್ಲಿ, ಯಾವ ವರ್ಷ ಮರಿ ಹೊರಬಂತು ಎಂಬುದನ್ನು ಶಾಲೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಬಹುದು.