ತಾಳೆಗರಿಯಿಂದ ಹಣ್ಣಿನ ನೊಣದವರೆಗೆ



ವಿಶ್ವವಿದ್ಯಾನಿಲಯ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ನೆನಪಾಗುವುದು ಪರೀಕ್ಷೆ, ಅಂಕಪಟ್ಟಿ ಮತ್ತು ಘಟಿಕೋತ್ಸವ. ಇದು ವಿಶ್ವವಿದ್ಯಾನಿಲಯದ ಕೆಲಸದಲ್ಲಿ ಅರ್ಧ ಮಾತ್ರ. ಈಗಾಗಲೇ ತಿಳಿದಿರುವುದನ್ನು ಕಲಿಸುವುದು ಆ ಅರ್ಧ. ಇನ್ನೂ ಯಾರಿಗೂ ತಿಳಿಯದಿರುವುದನ್ನು ಹುಡುಕುವುದು ಉಳಿದರ್ಧ. ಈ ಎರಡನೆಯ ಕೆಲಸವೇ ಸಂಶೋಧನೆ. ಅದರ ಹರವು ಎಷ್ಟು ದೊಡ್ಡದು ಎಂಬುದನ್ನು ಮೈಸೂರು ವಿಶ್ವವಿದ್ಯಾನಿಲಯವೊಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಂದು ನೋಡೋಣ.

ಈ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆದರೆ ಅದರ ಒಂದು ಅಂಗ ಅದಕ್ಕಿಂತ ಹಳೆಯದು. 1891ರಲ್ಲಿ ಆರಂಭವಾದ ಪ್ರಾಚ್ಯ ಪುಸ್ತಕ ಭಂಡಾರ 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಈಗ ಅದರ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ತಾಳೆಗರಿ ಕಟ್ಟನ್ನು ತಂದುಕೊಟ್ಟರು. ಭಂಡಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು. ಬೇರೆ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಪುಸ್ತಕ ಅದು. ಅವರು ಅದರ ಮೂಲವನ್ನು 1909ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪ್ರಕಟಿಸಿದರು. ತೆರಿಗೆ, ತೂಕ, ಅಳತೆ, ದಂಡ, ಗೂಢಚಾರರು ಮೊದಲಾದ ವಿಷಯಗಳನ್ನು ನಮ್ಮ ಪೂರ್ವಿಕರು ಹೇಗೆ ಯೋಚಿಸಿದ್ದರೆಂಬುದು ಆಗ ಜಗತ್ತಿಗೆ ತಿಳಿಯಿತು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಈ ಗ್ರಂಥವನ್ನು ಬರೆದವನು ಒಬ್ಬನೇ, ಹಲವರೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ವಿದ್ವಾಂಸ ಥಾಮಸ್ ಟ್ರೌಟ್‌ಮನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಚ’, ‘ವಾ’ ಮುಂತಾದ ಸಣ್ಣ ಪದಗಳು ಬೇರೆ ಬೇರೆ ಭಾಗಗಳಲ್ಲಿ ಎಷ್ಟು ಸಲ ಬರುತ್ತವೆ ಎಂದು ಎಣಿಸಿ, ಇದು ಒಬ್ಬರಿಗಿಂತ ಹೆಚ್ಚು ಜನರ ಕೃತಿ ಎಂದು ವಾದಿಸಿದರು. ಗಮನಿಸಿ: ಸಂಸ್ಕೃತದ ಪ್ರಶ್ನೆಗೆ ಉತ್ತರ ಹುಡುಕಲು ಇಲ್ಲಿ ಸಂಖ್ಯಾಶಾಸ್ತ್ರ ನೆರವಿಗೆ ಬಂದಿದೆ.

ಈಗ ತಾಳೆಗರಿಯಿಂದ ಕಲ್ಲಿಗೆ ಬರೋಣ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಇದೇ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರಾಗಿದ್ದ ಎಂ. ಎಚ್. ಕೃಷ್ಣ. ಆ ಶಾಸನದಲ್ಲಿ ತಿಥಿ ವರ್ಷಗಳಿಲ್ಲ. ಅಕ್ಷರಗಳ ಆಕಾರವನ್ನು ನೋಡಿ ಕ್ರಿ.ಶ. 450ರ ಸುಮಾರಿನದೆಂದು ಕಾಲ ನಿರ್ಣಯಿಸಲಾಯಿತು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಈಚೆಗೆ ದೊರೆತ ಇನ್ನೊಂದು ಶಾಸನ ಇದಕ್ಕಿಂತಲೂ ಹಳೆಯದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇದರಿಂದ ಹಲ್ಮಿಡಿಯ ಬೆಲೆ ಕಡಿಮೆಯಾಗಲಿಲ್ಲ. ಹೊಸ ಆಧಾರ ಸಿಕ್ಕಾಗ ಹಳೆಯ ತೀರ್ಮಾನವನ್ನು ಮತ್ತೆ ಪರಿಶೀಲಿಸಲು ಸಿದ್ಧವಾಗಿರುವುದೇ ಸಂಶೋಧನೆಯ ಧರ್ಮ.

ಗರಿಯೂ ಕಲ್ಲೂ ಸಾವಿರ ವರ್ಷ ಕಾಯಬಲ್ಲವು. ಹಾಡು ಕಾಯುವುದಿಲ್ಲ, ಹಾಡುವವರೊಡನೆ ಅದೂ ಹೋಗುತ್ತದೆ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು, ಮಲೆಯ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದ ಕಾವ್ಯ ಅದು. ಮೈಸೂರಿನ ಜೀ. ಶಂ. ಪರಮಶಿವಯ್ಯನವರಂತಹ ಅಧ್ಯಾಪಕರು ಇಂತಹ ಕಾವ್ಯಗಳನ್ನು ಸಂಗ್ರಹಿಸಿದ್ದರಿಂದ ಅವು ಇಂದು ನಮ್ಮ ಓದಿಗೆ ದೊರೆಯುತ್ತಿವೆ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವೂ ಇಂತಹ ಆಸ್ಥೆಯ ಫಲವೇ.

ಅದೇ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಾಜಿನ ಸೀಸೆಗಳಲ್ಲಿ ಹಣ್ಣಿನ ನೊಣಗಳನ್ನು ಸಾಕುತ್ತಾರೆ. ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣದ ಬಳಗವೇ ಇದು. ಬೆಲ್ಲ, ಗೋಧಿ ರವೆ, ಅಗರ್ ಸೇರಿಸಿ ಕುದಿಸಿದ ಗಂಜಿ ಅವಕ್ಕೆ ಆಹಾರ. ಮೊಟ್ಟೆ ನೊಣವಾಗಲು ಸುಮಾರು ಎರಡು ವಾರ ಸಾಕು. ಆದ್ದರಿಂದ ಒಬ್ಬ ವಿದ್ಯಾರ್ಥಿ ತನ್ನ ಪಿಎಚ್.ಡಿ. ಮುಗಿಸುವುದರೊಳಗೆ ಹತ್ತಾರು ತಲೆಮಾರುಗಳನ್ನು ನೋಡಬಹುದು.

ಪ್ರೊ. ಎಚ್. ಎ. ರಂಗನಾಥ್ ಮತ್ತು ಅವರ ಸಂಗಡಿಗರು ಇಲ್ಲಿ ನಸುಟಾ ಮತ್ತು ಆಲ್ಬೊಮಿಕಾನ್ಸ್ ಎಂಬ ಎರಡು ಹತ್ತಿರದ ಬಗೆಯ ನೊಣಗಳನ್ನು ಬೆರಕೆ ಮಾಡಿದರು. ಮೊದಲನೆಯದರಲ್ಲಿ 8 ವರ್ಣತಂತುಗಳು, ಎರಡನೆಯದರಲ್ಲಿ 6. ಲೆಕ್ಕ ಹೊಂದದಿದ್ದರೂ ಇವುಗಳ ಸಂತತಿ ಬಂಜೆಯಾಗಲಿಲ್ಲ. ಅನೇಕ ತಲೆಮಾರು ಬೆಳೆದ ಮೇಲೆ ತಮ್ಮದೇ ವರ್ಣತಂತು ಜೋಡಣೆಯುಳ್ಳ ಹೊಸ ಗುಂಪುಗಳು ಕಾಣಿಸಿಕೊಂಡವು. ಅವನ್ನು ಸೈಟೋರೇಸ್ ಎಂದು ಕರೆಯುತ್ತಾರೆ. ಹೊಸ ಜೀವಿ ಬಗೆಗಳು ಹುಟ್ಟುವ ದಾರಿಯ ಮೊದಲ ಹೆಜ್ಜೆಗಳನ್ನು ಸೀಸೆಯೊಳಗೇ ಅಭ್ಯಾಸ ಮಾಡಲು ಇದರಿಂದ ಸಾಧ್ಯವಾಯಿತು.

ನೊಣದಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಬಹುದು. ನಮ್ಮ ದೇಹದ ನಿದ್ರೆ ಎಚ್ಚರಗಳನ್ನು ನಡೆಸುವ ಒಳಗಡಿಯಾರದ ಗುಟ್ಟು ಮೊದಲು ತಿಳಿದದ್ದು ಹಣ್ಣಿನ ನೊಣದಿಂದಲೇ. ಅದನ್ನು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪ್ರಯೋಜನ ಎಲ್ಲಿಂದ ಬರುತ್ತದೆಂದು ಮೊದಲೇ ಹೇಳಲಾಗದು.

ಗರಿ, ಕಲ್ಲು, ಹಾಡು, ನೊಣ ಇವೆಲ್ಲಕ್ಕೂ ಸಾಮಾನ್ಯವಾದುದು ಏನು? ಪ್ರಶ್ನೆ, ತಾಳ್ಮೆ, ಮತ್ತು ಕಂಡದ್ದನ್ನು ಇನ್ನೊಬ್ಬರು ಪರೀಕ್ಷಿಸಿ ನೋಡುವಂತೆ ಬರೆದಿಡುವ ಪ್ರಾಮಾಣಿಕತೆ. ಅಧ್ಯಾಪಕರಿಗೆ ಕ್ಷೇತ್ರದ ಪರಿಚಯವಿರುತ್ತದೆ. ವಿದ್ಯಾರ್ಥಿಗೆ ಹೊಸ ಕಣ್ಣಿರುತ್ತದೆ. ಸೀಸೆಯ ಗಂಜಿ ಬದಲಿಸುವವನು, ಧ್ವನಿಮುದ್ರಿಕೆಯನ್ನು ಕೇಳಿ ಕೇಳಿ ಬರೆದುಕೊಳ್ಳುವವಳು ಬಹುಮಟ್ಟಿಗೆ ವಿದ್ಯಾರ್ಥಿಗಳೇ.

ಈ ಪ್ರಾಮಾಣಿಕತೆ ತಪ್ಪಿದರೆ ಉಳಿಯುವುದು ಬರೀ ಕಾಗದ. ಇನ್ನೊಬ್ಬರ ಬರಹವನ್ನು ನಕಲು ಮಾಡಿದ ಪ್ರಬಂಧದಿಂದ ಪದವಿ ಬರಬಹುದು, ಜ್ಞಾನ ಒಂದು ಕಾಳಿನಷ್ಟೂ ಹೆಚ್ಚುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಇದಕ್ಕಾಗಿ ನಿಯಮಗಳನ್ನು ಹೊರಡಿಸಿತು. ಅವುಗಳಂತೆ ಪ್ರಬಂಧದಲ್ಲಿ ಶೇಕಡ 60ಕ್ಕಿಂತ ಹೆಚ್ಚು ನಕಲು ಕಂಡುಬಂದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಆದರೆ ನಿಯಮಕ್ಕಿಂತ ದೊಡ್ಡದು ನಿಮ್ಮ ಮನಸ್ಸಾಕ್ಷಿ.

ಸಂಶೋಧನೆಗೆ ಎಂ.ಎ., ಎಂ.ಎಸ್ಸಿ. ಆಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಅಜ್ಜಿಗೆ ಬರುವ ಬೀಸುವ ಪದವನ್ನು ಬರೆದುಕೊಳ್ಳಿ. ಯಾರಿಂದ, ಯಾವ ಊರಿನಲ್ಲಿ, ಯಾವ ದಿನ ಕೇಳಿದಿರೆಂದೂ ಬರೆಯಿರಿ. ಊರ ಕೆರೆಗೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆಂದು ಒಂದು ವರ್ಷ ಗುರುತು ಹಾಕಿಕೊಳ್ಳಿ. ಮುಂದೆ ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದಾಗ, ಯಾವ ಪದವಿ ಬೇಕು ಎಂಬುದರ ಜೊತೆಗೆ ಯಾವ ಪ್ರಶ್ನೆ ತಂದಿದ್ದೇನೆ ಎಂದೂ ಕೇಳಿಕೊಳ್ಳಿ. ಆ ಪ್ರಶ್ನೆ ನಿಮ್ಮದೇ ಆಗಿರಲಿ ಎಂದು ಹಾರೈಸುತ್ತೇನೆ.