ತುಳಿದ ದೂರದ ಲೆಕ್ಕ

ಹಿಲ್ಲೂರಿನಿಂದ ಅಂಕೋಲಾ ಪೇಟೆಗೆ ಸೈಕಲ್ ತುಳಿದು ಹೋಗಿ ಬಂದವರು ನಮ್ಮ ಹಿರಿಯರಲ್ಲಿ ಬಹಳ ಜನ. ಎಷ್ಟು ದೂರ ಎಂದು ಕೇಳಿದರೆ ಮೈಲಿಗಲ್ಲಿನ ಲೆಕ್ಕ ಹೇಳುತ್ತಿದ್ದರು. ಅದು ರಸ್ತೆಯ ಲೆಕ್ಕ. ಒಬ್ಬ ಸವಾರ ವರ್ಷದಲ್ಲಿ, ಆಯುಷ್ಯದಲ್ಲಿ ಎಷ್ಟು ತುಳಿದ ಎಂಬುದು ಅವನ ಸ್ವಂತ ಲೆಕ್ಕ. ಈ ಸ್ವಂತ ಲೆಕ್ಕ ಹೇಗೆ ಬೆಳೆದು ಬಂತು ಎಂಬುದೇ ಇವತ್ತಿನ ಮಾತು.

ಗಾಲಿಯಿಂದ ದೂರ ಅಳೆಯುವ ಯೋಚನೆ ಸೈಕಲ್ಲಿಗಿಂತ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಒಂದು ಗಾಡಿಯನ್ನು ವರ್ಣಿಸಿದ್ದಾನೆ. ಅದರ ಗಾಲಿ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲಿ. ಆಗ ಒಂದು ಹರಳುಕಲ್ಲು ಪಾತ್ರೆಗೆ ಬೀಳುತ್ತದೆ. ಸಂಜೆ ಹರಳು ಎಣಿಸಿದರೆ ದಿನದ ಪ್ರಯಾಣ ತಿಳಿಯುತ್ತದೆ. 1895ರ ಹೊತ್ತಿಗೆ ಅಮೆರಿಕದ ಕರ್ಟಿಸ್ ವೀಡರ್ ಇದೇ ತತ್ವವನ್ನು ಸೈಕಲ್ಲಿಗೆ ತಂದ. ಸ್ಪೋಕ್ ಕಡ್ಡಿಗೆ ಸಿಕ್ಕಿಸಿದ ಗೂಟ ಪ್ರತಿ ಸುತ್ತಿಗೂ ಪುಟ್ಟ ಹಲ್ಲುಚಕ್ರವನ್ನು ತಟ್ಟುತ್ತಿತ್ತು, ಅಂಕಿ ಮುಂದೆ ಸರಿಯುತ್ತಿತ್ತು.

ಅಂಕಿ ಸಿಕ್ಕಿತು, ಅದನ್ನು ಏನು ಮಾಡಬೇಕು? ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿದ ಅವರೇ ಕೇಂಬ್ರಿಜ್‌ನಲ್ಲಿದ್ದುಕೊಂಡು ದೂರದೂರ ಸೈಕಲ್ ತುಳಿಯುತ್ತಿದ್ದರು. ಅವರ ಲೆಕ್ಕ ಹೀಗೆ: ನೀವು 40 ದಿನ, ದಿನಕ್ಕೆ 40 ಮೈಲಿ ಅಥವಾ ಅದಕ್ಕಿಂತ ಹೆಚ್ಚು ತುಳಿದಿದ್ದರೆ ನಿಮ್ಮ ಸಂಖ್ಯೆ 40. ಅದು 41 ಆಗಬೇಕಾದರೆ 41 ದಿನ, ಪ್ರತಿ ದಿನವೂ ಕನಿಷ್ಠ 41 ಮೈಲಿ ಬೇಕು. ಸರಿಯಾಗಿ 40ಕ್ಕೆ ನಿಂತ ದಿನಗಳೆಲ್ಲ ಆಗ ಲೆಕ್ಕದಿಂದ ಹೊರಗೆ. 1938ರಲ್ಲಿ ಅವರು ನಮ್ಮ ದೇಶದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಬರೆದ ಪತ್ರದಲ್ಲಿ, ಸಂಖ್ಯೆ ಇನ್ನೂ 75ರಲ್ಲೇ ಇದೆ, ಎಪ್ಪತ್ತನಾಲ್ಕು ಮುಕ್ಕಾಲು ಮೈಲಿಗೆ ನಿಂತ ಎರಡು ಸವಾರಿಗಳು ಲೆಕ್ಕಕ್ಕೆ ಬರಲಿಲ್ಲ ಎಂದು ತಿಳಿಸಿದ್ದರು. ಚಂದ್ರಶೇಖರ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ ಆ ಸಂಖ್ಯೆ 84. ಅಷ್ಟು ಮೈಲಿ ಎಂದರೆ ಸುಮಾರು 135 ಕಿಲೋಮೀಟರ್. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಅಂಥ ದಿನಗಳು 84!

ಈ ಲೆಕ್ಕದ ಗುಣ ನೋಡಿ. ಕಾರವಾರ–ಅಂಕೋಲಾ ಹೋಗಿಬರುವುದು ಸುಮಾರು 70 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಮೈಲಿಯ ಬದಲು ಕಿಲೋಮೀಟರಿನಲ್ಲಿ ಎಣಿಸಿದರೆ, ಅದನ್ನೇ ಹತ್ತು ವರ್ಷ ದಿನವೂ ತುಳಿದರೂ ನಿಮ್ಮ ಸಂಖ್ಯೆ 70 ದಾಟುವುದಿಲ್ಲ. ಒಮ್ಮೆ ಮಾತ್ರ 300 ಕಿಲೋಮೀಟರ್ ಹೋಗಿ ಸುಮ್ಮನಾದವರಿಗೂ ಇದು ಒಲಿಯುವುದಿಲ್ಲ. ದೂರವೂ ಬೇಕು, ನಿತ್ಯದ ಪಟ್ಟೂ ಬೇಕು.

ಅತ್ತ ಫ್ರಾನ್ಸ್‌ನಲ್ಲಿ ಇನ್ನೊಂದು ದಾರಿ ತೆರೆದಿತ್ತು. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್ಬಿನ, ಬ್ರೆವೆ ಎಂದು ಕರೆಯುವ ದೂರದ ಸವಾರಿಗಳಲ್ಲಿ ಸವಾರನ ಕಾರ್ಡಿಗೆ ದಾರಿಯ ಠಾಣೆಗಳಲ್ಲಿ ಮುದ್ರೆ ಬೀಳುತ್ತದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಗಡುವು. ಇಂದು ಬೆಂಗಳೂರು, ಹುಬ್ಬಳ್ಳಿಯ ಸವಾರರೂ ಈ ಕಾರ್ಡು ಹಿಡಿದು ಹೊರಡುತ್ತಾರೆ.

1980ರ ದಶಕದ ಆರಂಭದಲ್ಲಿ ಜಪಾನಿನ ಕ್ಯಾಟ್‌ಐ ಕಂಪನಿಯ ಪುಟ್ಟ ಕಂಪ್ಯೂಟರ್ ಹ್ಯಾಂಡಲಿಗೆ ಬಂತು. ಸ್ಪೋಕಿಗೆ ಅಯಸ್ಕಾಂತ, ಫೋರ್ಕಿಗೆ ಸೆನ್ಸರ್. ನಮ್ಮ 28 ಇಂಚಿನ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಆ ಅಳತೆ ಒಂದೇ ಸೆಂಟಿಮೀಟರ್ ತಪ್ಪಿದರೂ 200 ಕಿಲೋಮೀಟರಿಗೆ ಸುಮಾರು 900 ಮೀಟರ್ ವ್ಯತ್ಯಾಸ. ಆದ್ದರಿಂದ ಸೈಕಲ್ ಮೇಲೆ ಕುಳಿತೇ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ ಸುತ್ತಳತೆ ತೆಗೆಯಬೇಕು.

2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುವುದನ್ನು ನಿಲ್ಲಿಸಿತು. ನಾಗರಿಕರಿಗೂ ನಿಖರ ಸ್ಥಾನ ಸಿಗತೊಡಗಿತು. 2009ರಲ್ಲಿ ಶುರುವಾದ ಸ್ಟ್ರಾವಾದಂಥ ಆ್ಯಪ್‌ಗಳು ಬಂದ ಮೇಲೆ ಮೊಬೈಲೇ ದಿನಚರಿಯಾಯಿತು. ಆದರೂ ನಮ್ಮ ಸೀಮೆಯಲ್ಲಿ ಎಚ್ಚರ ಬೇಕು. ಅರಬೈಲಿನ ದಟ್ಟ ಕಾಡು, ಬಿಗಿಯಾದ ತಿರುವುಗಳಲ್ಲಿ ಉಪಗ್ರಹದ ಸಂಕೇತ ಕದಲುತ್ತದೆ. ಕೆಲವು ಉಪಕರಣಗಳು ಏರನ್ನು ಗಾಳಿಯ ಒತ್ತಡದಿಂದ ಅಳೆಯುತ್ತವೆ. ಮಳೆಗಾಲದಲ್ಲಿ ಸಮುದ್ರದಲ್ಲಿ ವಾಯುಭಾರ ಕುಸಿದು ಒತ್ತಡ ಐದು ಮಿಲಿಬಾರ್ ಇಳಿದರೆ, ಅಂಕೋಲಾದಲ್ಲೇ ನಿಂತ ನಿಮ್ಮನ್ನು ಅದು 40 ಮೀಟರ್ ಮೇಲೆ ಹತ್ತಿಸಿಬಿಡುತ್ತದೆ.

ಹಾಗಾಗಿ ಉಪಕರಣ ಹೇಳಿದ ಅಂಕಿಯ ಪಕ್ಕದಲ್ಲಿ ಸವಾರ ಕಂಡದ್ದೂ ಇರಬೇಕು. ಯಲ್ಲಾಪುರದಿಂದ ಮಧ್ಯಾಹ್ನ ಇಳಿದು ಕರಾವಳಿಗೆ ಬಂದವರಿಗೆ ಕಡಲಗಾಳಿ ಎದುರಾಗುತ್ತದೆ; ವೇಗ ಇಳಿದದ್ದು ಕಾಲಿನ ದೋಷವಲ್ಲ ಎಂಬುದು ಆ ಟಿಪ್ಪಣಿಯಿಂದಲೇ ತಿಳಿಯಬೇಕು. ತಾರೀಖು, ದಾರಿ, ದೂರ, ಹೊತ್ತು, ಗಾಳಿಮಳೆ, ಮೈಯ ಸ್ಥಿತಿ – ಆರು ಕಲಂ ಸಾಕು. ಒಂದೇ ದಾರಿಯನ್ನು ಒಂದೇ ತಿಂಗಳಲ್ಲಿ, ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ನಿಜವಾದ ಏರಿಳಿತ ಕಾಣುತ್ತದೆ.

2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ದಿನವೂ ತುಳಿದು ಶಾಲೆ ಮುಗಿಸಿದರು. ಆ ದೂರ ಯಾವ ಕಡತದಲ್ಲೂ ಇಲ್ಲ. ಈಗ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ಅವರ ಗಣಿತದ ಮೇಷ್ಟ್ರು, ಟೀಚರು ಒಂದು ನೋಟುಪುಸ್ತಕ ಇಡಿಸಲಿ. ವರ್ಷದ ಕೊನೆಗೆ ಪ್ರತಿ ಮಗುವೂ ತನ್ನ ಎಡಿಂಗ್ಟನ್ ಸಂಖ್ಯೆಯನ್ನು ತಾನೇ ಕಂಡುಹಿಡಿಯಲಿ. ಅದಕ್ಕೆ ಪೆನ್ಸಿಲ್ ಒಂದಿದ್ದರೆ ಸಾಕು.