ಮೌನವು ಒಪ್ಪಿಗೆಯೆ?

'ಮೌನಂ ಸಮ್ಮತಿಲಕ್ಷಣಂ' ಎಂಬ ಮಾತು ನಿಮಗೆಲ್ಲ ಪರಿಚಿತವಷ್ಟೆ. ನ್ಯಾಯಸ್ಥಾನದಲ್ಲಿ ಅದು ಸಲ್ಲುವುದೆ?

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂದು ಇಬ್ಬರು ಪೊಲೀಸರ ಮೇಲೆ ಮೊಕದ್ದಮೆ ನಡೆಯಿತು. ಹೈಕೋರ್ಟು ಇಬ್ಬರನ್ನೂ ದೋಷಿಗಳೆಂದಿತು. 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು.

1979ರಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕರಾದ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಅವರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿ ಮಣಿಯುವುದು ಬೇರೆ, ಮನಸಾರೆ ಒಪ್ಪುವುದು ಬೇರೆ ಎಂಬುದೇ ಅವರ ವಾದದ ತಿರುಳು. ರಾತ್ರಿಯ ಹೊತ್ತು, ಒಳಗೆ ಅಧಿಕಾರದ ದರ್ಪ, ಹೊರಗೆ ಕಾದು ನಿಂತ ಬಂಧುಗಳು. ಅಲ್ಲಿ ಹುಡುಗಿಯ ಮೌನಕ್ಕೆ ಏನರ್ಥ?

ತೀರ್ಪು ಬದಲಾಗಲಿಲ್ಲ. ಆದರೆ ಮಹಿಳಾ ಸಂಘಗಳು ಬೀದಿಗಿಳಿದವು. 1983ರಲ್ಲಿ ಶಾಸನವೇ ಬದಲಾಯಿತು. ಪೊಲೀಸರ ವಶದಲ್ಲಿದ್ದಂತಹ ಸಂದರ್ಭದಲ್ಲಿ ದೇಹಸಂಬಂಧ ರುಜುವಾತಾಗಿ, ತಾನು ಒಪ್ಪಿರಲಿಲ್ಲವೆಂದು ಹೆಣ್ಣು ಕೋರ್ಟಿನಲ್ಲಿ ನುಡಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು.

ಶಾಸನ ಕಲಿತ ಈ ಪಾಠವನ್ನು ನಾವೂ ಕಲಿತಿದ್ದೇವೆಯೆ? ಮನೆಯ ಹೆಣ್ಣುಮಗಳು ಸುಮ್ಮನಿದ್ದಾಗ, ಒಪ್ಪಿದಳೆನ್ನುವ ಮುನ್ನ ಒಂದು ಮಾತು ಕೇಳಿ ನೋಡಿ.